ಹೆಂಪಿನ ಭಜನೆ, ಪುಂಡಿಯ ಪಾಡು

ಕೈಗಾರಿಕಾ ಹೆಂಪಿನ ಬಗ್ಗೆ ಕೃಷಿ ಪುಟಗಳಲ್ಲಿ ಬರುವ ಲೇಖನಗಳನ್ನು ಓದಿದರೆ, ಬೈಲಹೊಂಗಲದಿಂದ ರಾಮದುರ್ಗದವರೆಗಿನ ರೈತರು ಇಷ್ಟು ದಿನ ಕಣ್ಣು ಮುಚ್ಚಿಕೊಂಡು ಬಿತ್ತುತ್ತಿದ್ದರು ಅನಿಸಬೇಕು. ನೀರು ಕಡಿಮೆ, ಕೀಟ ಕಡಿಮೆ. ನಾರು, ಕಾಳು, ಎಣ್ಣೆ, ಇಟ್ಟಿಗೆ, ಔಷಧ ಎಲ್ಲ ಒಂದೇ ಗಿಡದಿಂದ. ಗಾಂಜಾದ ಹೆಸರು ಕೇಳಿ ಬೆಚ್ಚಬೇಡಿ, ಇದು ಅದರ ಸಭ್ಯ ತಮ್ಮ ಎಂಬ ಸಮಾಧಾನ ಬೇರೆ. 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆ, ನಾರು, ಬೀಜಕ್ಕೆ ಬೆಳೆಯಲು ಅದರ 14ನೇ ಕಲಮಿನ ವಿನಾಯಿತಿ, ಉತ್ತರಾಖಂಡದವರು 2018ರಲ್ಲಿ ಕೊಟ್ಟ ಪರವಾನಗಿ, ಅಮಲೇರಿಸುವ ಟಿಎಚ್‌ಸಿ ಅಂಶಕ್ಕೆ ಶೇಕಡಾ 0.3ರ ಮಿತಿ, ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ.

ನನ್ನ ತಕರಾರಿರುವುದು ಹಗಲಿನ ಲೆಕ್ಕದಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ 15.5ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಬರುತ್ತವೆ. ಇಲ್ಲಿ ವರ್ಷದ ಅತಿ ಉದ್ದನೆಯ ಹಗಲೂ 13 ತಾಸಿಗೆ ಕೆಲವೇ ನಿಮಿಷ ಹೆಚ್ಚು. ಗಾಂಜಾ ಕುಲದ ಗಿಡ ಹಗಲು ಒಂದು ಗೆರೆಗಿಂತ ಗಿಡ್ಡಾದದ್ದನ್ನು ಗುರುತಿಸಿ ಹೂವಿಗೆ ಬರುತ್ತದೆ. ಯುರೋಪಿನಲ್ಲಿ ನಾರಿಗೆಂದೇ ತಿದ್ದಿದ ತಳಿಗಳಿಗೆ ಆ ಗೆರೆ 14 ತಾಸಿನ ಆಸುಪಾಸಿನಲ್ಲಿದೆ. ಮಿರಗದ ಮಳೆಗೆ ನಮ್ಮ ಎರಿ ಹೊಲದಲ್ಲಿ ಮೊಳೆತ ಅಂಥ ಗಿಡಕ್ಕೆ ಹುಟ್ಟಿದ ದಿನದಿಂದಲೇ ಹಗಲು ಗಿಡ್ಡ. ಅದು ಎತ್ತರ ಬೆಳೆಯುವ ಗೋಜಿಗೆ ಹೋಗದೆ, ಇನ್ನೂ ಕುಳ್ಳಾಗಿರುವಾಗಲೇ ಹೂ ಕಟ್ಟುತ್ತದೆ. ನಾರಿನ ಬೆಳೆಗೆ ದಂಟಿನ ಉದ್ದವೇ ಬಂಡವಾಳ. ಎಕರೆಗೆ ಇಷ್ಟು ಕ್ವಿಂಟಲ್ ಎಂದು ಬರೆಯುವವರು ಯಾವ ಅಕ್ಷಾಂಶದ ಕ್ವಿಂಟಲ್ ಎಂದು ಹೇಳುವುದೇ ಇಲ್ಲ.

ಹಾಗಾದರೆ ನಮ್ಮ ಹಗಲಿಗೆ ಒಗ್ಗಿದ ಉಷ್ಣವಲಯದ ತಳಿಯನ್ನೇ ತರೋಣ ಅನ್ನುತ್ತಾರೆ: ಕಿರಿದಾದ ಎಲೆ, ಆಳೆತ್ತರ ಮೀರಿದ ದಂಟು, ವಾರಗಟ್ಟಲೆ ಮುಗಿಯದ ಹೂವು, ಅಂದರೆ ಹವ್ಯಾಸಿಗಳು ಸಟೈವಾ ಎಂದು ಕೊಂಡಾಡುವ ಬಗೆ. ಆದರೆ ಈ ಎತ್ತರದ ತಳಿಯೇ ಪೊಲೀಸರು ಕಬ್ಬಿನ ಗದ್ದೆಯ ನಡುವಿನಿಂದ ಕಿತ್ತು ತರುವಂಥದ್ದು. ಅದರ ಟಿಎಚ್‌ಸಿ 0.3ರ ಮಿತಿಯ ಎಷ್ಟೋ ಪಟ್ಟು. ನಿಯಮ ಒಪ್ಪುವ ತಳಿ ಇಲ್ಲಿ ಬೆಳೆಯದು, ಬೆಳೆಯುವ ತಳಿಯನ್ನು ನಿಯಮ ಒಪ್ಪದು. ಚೀನದ ಯುನ್ನಾನಿನಲ್ಲಿ ಟಿಎಚ್‌ಸಿ ಕಡಿಮೆಯಿರುವ ಯುನ್ಮಾ ತಳಿಗಳನ್ನು ಮಾಡಿದ್ದಾರೆ, ನಿಜ. ಅಲ್ಲಿಯ ಹೊಲಗಳು ನಮಗಿಂತ ಎಷ್ಟೋ ಡಿಗ್ರಿ ಉತ್ತರಕ್ಕಿವೆ. ಅಲ್ಲಿಂದ ಇಲ್ಲಿಗೆ ತರುವ ಕೆಲಸ ಯಾರಾದರೂ ಮಾಡಿದ ಮೇಲೆ ಮಾತಾಡೋಣ.

ಇಷ್ಟು ಹೊತ್ತಿಗೆ ನಾಲ್ಕೂ ತಾಲೂಕಿನ ಓದುಗರಿಗೆ ಪುಂಡಿ ನೆನಪಾಗಿರಬೇಕು. ಆಗಿರದಿದ್ದರೆ ಅದೇ ನನ್ನ ದೂರು. ಎಲೆಯ ಸೀಳು ನೋಡಿದರೆ ಹೊಸಬರು ಗಾಂಜಾ ಎಂದೇ ಮೋಸಹೋಗುವ ಈ ಗಿಡ ದಾಸವಾಳದ ಬಳಗದ್ದು, ಹಿಬಿಸ್ಕಸ್ ಕ್ಯಾನಬೈನಸ್. ಬುಡದ ಎಲೆ ಅಖಂಡ, ಮೇಲಿನದು ಬೆರಳು ಬಿಡಿಸಿದಂತೆ; ದಂಟಿಗೆ ಸಣ್ಣ ಮುಳ್ಳು; ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚುವ ತಿಳಿಹಳದಿ ಹೂವಿನ ನಡುವೆ ಗಾಢ ಕೆಂಪು. ಇದೂ ಹಗಲು ಗಿಡ್ಡಾದರೆ ಹೂ ಬಿಡುವ ಜಾತಿಯೇ. ಆದರೆ ಇದರ ಗೆರೆ ಸುಮಾರು 12.5 ತಾಸಿನಲ್ಲಿದೆ, ನಮ್ಮಲ್ಲಿ ಅದು ಆಗಸ್ಟ್ ಕೊನೆಗೆ ಬರುತ್ತದೆ. ಮಿರಗಕ್ಕೆ ಬಿತ್ತಿದ ಪುಂಡಿಗೆ ಎರಡು ತಿಂಗಳ ಮೇಲೆ ಬರೀ ಎತ್ತರಕ್ಕೆ ಏರುವ ಅವಕಾಶ. ತಡಮಾಡಿ ಆಗಸ್ಟ್‌ನಲ್ಲಿ ಬಿತ್ತಿದರೆ ಇದೂ ಕುಳ್ಳಾಗುತ್ತದೆ. ಮುಂಗಾರಿಯ ಜೋಳ, ತೊಗರಿ, ಹತ್ತಿಯ ಹೊಲದಂಚಿಗೆ ಮೊದಲ ಹದಕ್ಕೇ ಪುಂಡಿಯ ಸಾಲು ಬಿಡುವ ರೂಢಿ ಈ ಲೆಕ್ಕವನ್ನು ಗಡಿಯಾರವಿಲ್ಲದೆ ಮಾಡಿಟ್ಟಿತ್ತು.

ಈ ರೂಢಿಯಲ್ಲಿ ನನಗೆ ದೊಡ್ಡದೆನಿಸುವುದು ಚಿವುಟುವ ಕ್ರಮ. ಪುಂಡಿಯಿಂದ ಬೇಕಾದವು ಒಂದಕ್ಕೊಂದು ಆಗದ ಎರಡು. ಪಲ್ಯೆಗೆ ಎಳೆಯ ಕುಡಿ ಬೇಕು. ಕುಡಿ ಚಿವುಟಿದ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಚಿವುಟಿದಷ್ಟೂ ಸೊಪ್ಪು. ನಾರಿಗೆ ಕವಲಿಲ್ಲದ ನೇರ ದಂಟು ಬೇಕು. ಕವಲೊಡೆದಲ್ಲೆಲ್ಲ ಸಿಪ್ಪೆ ಸುಲಿಯುವಾಗ ಎಳೆ ಕಡಿದುಹೋಗುತ್ತದೆ. ಇದಕ್ಕೆ ಉತ್ತರ ಒತ್ತೊತ್ತಾಗಿ ಬೀಜ ಬಿಡುವುದು. ಒತ್ತಾಗಿ ಹುಟ್ಟಿದ ಸಸಿಗಳು ಬೆಳಕಿಗೆ ಪೈಪೋಟಿ ನಡೆಸಿ ಕವಲೊಡೆಯದೆ ಮೇಲೇರುತ್ತವೆ. ಮೊದಲ ತಿಂಗಳು ಪಲ್ಯೆಗೆ ಕುಡಿ ಮುಟ್ಟುವುದಿಲ್ಲ, ನಡುನಡುವಿನ ಸಸಿಯನ್ನೇ ಬೇರುಸಹಿತ ಕೀಳುತ್ತಾರೆ. ಒಲೆಗೆ ಪಲ್ಯೆ ಬಂತು, ಸಾಲು ತೆಳುವಾಯಿತು. ಉಳಿದ ಗಿಡಗಳಿಂದ ಆಮೇಲೆ ಬುಡದ ಎಲೆ ಮಾತ್ರ ಬಿಡಿಸುತ್ತಾರೆ, ತುದಿಗೆ ಕೈ ಹಾಕುವುದಿಲ್ಲ. ಸಾಲಿನ ಎರಡು ತುದಿಗಳಲ್ಲಿ, ದಾರಿಯ ಮಗ್ಗುಲಿಗೆ, ಕೆಲವು ಗಿಡಗಳನ್ನು ಮಾತ್ರ ಮನಸಾರೆ ಚಿವುಟಿ ಪೊದೆ ಮಾಡಿಕೊಳ್ಳುತ್ತಾರೆ. ಒಂದೇ ಬೀಜ, ಒಂದೇ ಸಾಲು, ಎರಡು ಬೇಸಾಯ. ಸಸಿ ಯಾವಾಗ ಕೀಳುವುದು, ಎಷ್ಟು ಬಿಡುವುದು ಎಂದು ತೀರ್ಮಾನಿಸುವವರು ಉಡಿಯಲ್ಲಿ ಸೊಪ್ಪು ತುಂಬಿಕೊಳ್ಳುವ ಹೆಂಗಸರು. ಹೊಲದ ಲೆಕ್ಕದ ಪುಸ್ತಕಗಳಲ್ಲಿ ಈ ಕೆಲಸಕ್ಕೆ ಕಾಲಂ ಇಲ್ಲ.

ಸಾವಯವದ ನಮ್ಮ ಮಿತ್ರರ ಮೇಲೂ ನನಗೆ ಸಿಟ್ಟಿದೆ. ಅವರು ಸರ್ ಆಲ್ಬರ್ಟ್ ಹೋವರ್ಡ್ ಹೆಸರಿಲ್ಲದೆ ಭಾಷಣ ಮುಗಿಸುವುದಿಲ್ಲ. 1940ರ 'ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್' ಅವರಿಗೆ ಪಾರಾಯಣ ಗ್ರಂಥ. ಅದೇ ಹೋವರ್ಡ್, ಹೆಂಡತಿ ಗೇಬ್ರಿಯಲ್ ಜೊತೆ ಬಿಹಾರದ ಪೂಸಾದಲ್ಲಿ ಕೂತು, 1911ರಲ್ಲಿ ಇದೇ ಪುಂಡಿಯ ಬಗೆಗಳನ್ನು ಬಿಡಿಸಿ ಬರೆದಿದ್ದರು. ಗೊಬ್ಬರದ ಗುಂಡಿಯ ಹೋವರ್ಡ್ ಬೇಕು, ನಾರಿನ ಹೋವರ್ಡ್ ಬೇಡ. ಈ ಮಿತ್ರರ ಪಾಲಿಗೆ ಪುಂಡಿ ಎಂದರೆ ನುಚ್ಚು, ಬೆಳ್ಳುಳ್ಳಿ ಹಾಕಿದ ಅವ್ವನ ಕೈಯ ಪಲ್ಯೆ, ಅದರಾಚೆಗೆ ಕಣ್ಣೀರು. ಹೆಂಪಿನವರದು ಇನ್ನೂ ಹಳೆಯ ಚಾಳಿ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್ನಿಗೆ ರಷ್ಯದ ಹೆಂಪು ಬರುವುದು ಕಷ್ಟವಾದಾಗ ಸಸ್ಯಶಾಸ್ತ್ರಜ್ಞ ಫೋರ್ಬ್ಸ್ ರಾಯ್ಲ್ 1855ರಲ್ಲಿ ಭಾರತದ ನಾರಿನ ಗಿಡಗಳ ಮೇಲೆ ದೊಡ್ಡ ಪುಸ್ತಕ ಬರೆದ. ಅಲ್ಲಿ ನಮ್ಮ ನಾರುಗಳು ಮತ್ತೆ ಮತ್ತೆ ರಷ್ಯದ ಹಗ್ಗದ ಪಕ್ಕ ನಿಂತು ಪರೀಕ್ಷೆ ಕೊಡುತ್ತವೆ. ಹಡಗಿನ ಹಗ್ಗದ ಅಳತೆಗೋಲಿನಿಂದ ಎತ್ತಿನ ಮೂಗುದಾಣವನ್ನು ಅಳೆಯುವ ಚಟ ಇನ್ನೂ ಹೋಗಿಲ್ಲ.

ಪುಂಡಿಯ ಕುಂದೂ ಇದೆ. ನಾರು ಒರಟು, ಗಟ್ಟಿ ಮಿಣಿ ಬೇಕೆಂದರೆ ತಿಳಿದವರು ಸಣಬನ್ನೇ ಆರಿಸುತ್ತಾರೆ. ದಂಟನ್ನು ಹತ್ತಾರು ದಿನ ನಿಂತ ನೀರಿನಲ್ಲಿ ಕೊಳೆಹಾಕಬೇಕು, ನೀರು ನಾರುತ್ತದೆ, ಮೀನು ಸಾಯುತ್ತವೆ. ಕಿತ್ತೂರ ಕಡೆ ಕೆರೆಯಿದೆ, ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ಅಂಚಿನ ಊರುಗಳಿಗೆ ನೀರಿದೆ, ರಾಮದುರ್ಗದ ಒಣ ಊರುಗಳಿಗೆ ಅಕ್ಟೋಬರಿನಲ್ಲಿ ಆ ಅನುಕೂಲ ಎಲ್ಲಿಂದ? ನೈಲಾನ್ ಹಗ್ಗ ಅಗ್ಗ. ಕಣ್ಣಿ, ಮೂಗುದಾಣ, ಪಂಚಮಿಯ ಜೋಕಾಲಿ ಹಗ್ಗ ಎಲ್ಲವನ್ನೂ ಈಗ ಸಂತೆಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಕೊಳ್ಳಬಹುದು. ಹಾಗಾಗಿ ಪುಂಡಿಯ ನಾರಿಗೆ ಕಾರ್ಖಾನೆ ಕಟ್ಟಿ ಎಂದು ನಾನು ಹೇಳಲಾರೆ.

ಆದರೆ ಹಗ್ಗ ಹೋದದ್ದಕ್ಕೆ ಪುಂಡಿಯೂ ಹೋಯಿತು ಎಂಬ ವಾದ ಅರ್ಧ ಸುಳ್ಳು. ಬೈಲಹೊಂಗಲ, ಕಿತ್ತೂರಿನಲ್ಲಿ ಅದನ್ನು ಹೊರಗೆ ಹಾಕಿದ್ದು ಸೋಯಾ. ಟ್ರ್ಯಾಕ್ಟರ್ ಕೂರಿಗೆ ಹೊಲದ ಈ ತುದಿಯಿಂದ ಆ ತುದಿಗೆ ಒಂದೇ ಬೀಜ ಬಿಡುತ್ತದೆ. ಆಮೇಲೆ ಹೊಡೆಯುವ ಕಳೆನಾಶಕ ಸೋಯಾ ಒಂದನ್ನು ಉಳಿಸಿದರೆ ಸಾಕು ಎಂದು ಮಾಡಿದ್ದು. ಪುಂಡಿಯಂಥ ಅಕ್ಕಡಿ ಸಾಲಿಗೆ ಅಲ್ಲಿ ಜಾಗವೇ ಇಲ್ಲ. ಇದನ್ನು ಸರಿಪಡಿಸಲು ಪರವಾನಗಿ ಬೇಡ, ಹೊರಗಿನ ಬೀಜ ಬೇಡ, ಗೋಷ್ಠಿಯೂ ಬೇಡ. ಕೂರಿಗೆಯ ಅಂಚಿನ ಒಂದು ತಾಳಿಗೆ ಬೇರೆ ಬೀಜದ ಡಬ್ಬಿ ಕೂರಿಸುವುದು ಬೈಲಹೊಂಗಲದ ಯಾವುದೇ ವೆಲ್ಡಿಂಗ್ ಅಂಗಡಿಯ ಕೆಲಸ. ಔಷಧ ಹೊಡೆಯುವವನು ಅಂಚಿನ ಮೂರು ಮೊಳ ಬಿಟ್ಟು ನಡೆಯಬೇಕು, ಅಷ್ಟೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೆಂಪಿನ ಬಗ್ಗೆ ಅಭಿಪ್ರಾಯ ಕೊಡುವ ಮೊದಲು ಅಂಥ ಒಂದು ಕೂರಿಗೆಯನ್ನು ಮುಂದಿನ ಕೃಷಿ ಮೇಳದಲ್ಲಿ ನಿಲ್ಲಿಸಲಿ.