ಕೆಂಡದ ಮೇಲಿನ ಚಿಪ್ಪು

ನಾರ್ಡಿಕ್ ಟೇಸ್ಟಿಂಗ್ ಮೆನು ಎಂದರೆ ಹಲವರು ಮೂಗು ಮುರಿಯುತ್ತಾರೆ. ಕೋಪನ್‌ಹೇಗನ್‌ನ ನೋಮಾ ರೆಸ್ಟೋರೆಂಟ್ ಇರುವೆ ಬಡಿಸಿದಾಗ ಕೆಲವರು ಬೆರಗಾದರು, ಕೆಲವರು ಬಿಲ್ಲು ನೋಡಿ ನಕ್ಕರು. ನಕ್ಕವರದೂ ತಪ್ಪಲ್ಲ ಬಿಡಿ.

ಆದರೆ ಸ್ವೀಡನ್‌ನಲ್ಲಿ 2019ರವರೆಗೆ ನಡೆದ ಫೇವಿಕೆನ್ ರೆಸ್ಟೋರೆಂಟ್‌ನಲ್ಲಿ ಬಾಣಸಿಗ ಮ್ಯಾಗ್ನಸ್ ನಿಲ್ಸನ್ ಸ್ಕಾಲಪ್ ಎಂಬ ಕಡಲ ಚಿಪ್ಪುಜೀವಿಯನ್ನು ಬೇಯಿಸುತ್ತಿದ್ದ ಬಗೆಗೆ ನಾನು ಮನಸೋತವನು. ಬಾಣಲೆಯಿಲ್ಲ, ಎಣ್ಣೆಯಿಲ್ಲ, ಚಿಪ್ಪನ್ನೇ ಬೆಂಕಿಗೆ ಇಡುವುದು. ಒಳಗಿನ ಮಾಂಸ ತನ್ನದೇ ಉಪ್ಪುನೀರಲ್ಲಿ ಬೇಯಬೇಕು. ತುಸು ತಡವಾದರೆ ರಬ್ಬರು. ಮುಚ್ಚಿದ ಚಿಪ್ಪಿನೊಳಗೆ ಇಣುಕುವಂತಿಲ್ಲ, ಅಂದಾಜೇ ಗತಿ. ಹಸಿರು ಪಾಚಿ, ಹೊಗೆಯಾಡುವ ಜೂನಿಪರ್ ಕೊಂಬೆಗಳ ಮೇಲೆ ಅದು ಮೇಜಿಗೆ ಬರುತ್ತಿತ್ತು. ಕೈಯಿಂದಲೇ ತಿನ್ನಬೇಕು, ಚಿಪ್ಪಿನಲ್ಲಿ ಉಳಿದ ಬಿಸಿ ರಸವನ್ನು ಹಾಗೇ ಎತ್ತಿ ಕುಡಿಯಬೇಕು. ಇಂಥ ಅಡುಗೆಯಲ್ಲಿ ಬಾಣಸಿಗ ಅಡಗಿಕೊಳ್ಳಲು ಮಸಾಲೆಯ ಮರೆಯೂ ಇಲ್ಲ.