ಹೊಳಪಿಗೆ ಬಲಿಯಾಗುವ ಬೀಟೆ

ಮಲೆನಾಡಿನ, ಕರಾವಳಿಯ ದೊಡ್ಡ ಮನೆಗಳು ಪಾಲಾದಾಗ ಯಾರಿಗೂ ಬೇಡವಾಗಿ ಅಟ್ಟ ಸೇರಿದ್ದ ಬೀಟೆಯ ಆರಾಮ ಕುರ್ಚಿ, ತೇಗದ ಪೆಟ್ಟಿಗೆ, ತೂಗುಮಂಚಗಳಿಗೆ ಈಗ ಶುಕ್ರದೆಸೆ. ಮೊಮ್ಮಕ್ಕಳು ಅವನ್ನು ಬೆಂಗಳೂರಿನ ಫ್ಲ್ಯಾಟಿಗೆ ತರಿಸಿ ದುರಸ್ತಿ ಮಾಡಿಸುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ದುರಸ್ತಿಯಾಗಿ ಬಂದ ಎಷ್ಟೋ ಕುರ್ಚಿಗಳು ನಿನ್ನೆ ಶೋರೂಮಿನಿಂದ ಇಳಿದಂತೆ ಥಳಥಳಿಸುತ್ತವೆ. ಮನೆಯವರಿಗೆ ಅದೇ ಹೆಮ್ಮೆ. ತಕರಾರು ಇರುವುದೂ ಅಲ್ಲೇ.

ಹಳೆಯ ಬಡಗಿಗಳದು ಅರಗಿನ ಪಾಲಿಶ್. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯುಂಡೆಯಿಂದ ತೆಳ್ಳಗೆ, ಪದರದ ಮೇಲೆ ಪದರವಾಗಿ ತಿಕ್ಕುತ್ತಿದ್ದರು. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತಿತ್ತು, ನಿಜ. ಆದರೆ ಸ್ಪಿರಿಟ್ ತಾಗಿದರೆ ಹಳೆಯ ಅರಗು ಮತ್ತೆ ಕರಗುವುದರಿಂದ ಕೆಟ್ಟ ಜಾಗವನ್ನಷ್ಟೇ ಸರಿಪಡಿಸಿ ಕೈ ತೊಳೆದುಕೊಳ್ಳಬಹುದಿತ್ತು. ಈಗಿನ ಪಿಯು (ಪಾಲಿಯುರೆಥೇನ್) ಪಾಲಿಶ್ ನೀರು, ಬಿಸಿ ಎರಡಕ್ಕೂ ಜಗ್ಗುವುದಿಲ್ಲ. ಅದನ್ನು ಬಳಿಯುವ ಮೊದಲು ಮಾತ್ರ ಮರವನ್ನು ಪೂರ್ತಿ ಕೆರೆಯುತ್ತಾರೆ. ಮುಂದೆಂದೋ ಗೀರು ಬಿದ್ದರೆ ಮತ್ತೆ ಕೆರೆಯುತ್ತಾರೆ. ನೂರು ವರ್ಷದಲ್ಲಿ ಕೈತೋಳಿಗೆ ಬಂದ ಕಪ್ಪು ಛಾಯೆ ಮೊದಲ ದಿನವೇ ಹೋಗುತ್ತದೆ, ಕೆತ್ತನೆಯ ಅಂಚು ಆಮೇಲೆ.

ಅಂಟಿನ ಕಥೆಯೂ ಇಂಥದ್ದೇ. ಪ್ರಾಣಿಗಳ ಚರ್ಮ, ಮೂಳೆಯಿಂದ ತಯಾರಾಗುವ ಸರೇಸು ಬಿಸಿನೀರಿಗೆ ಮೆತ್ತಗಾಗುತ್ತದೆ. ಸಡಿಲಾದ ಕಾಲನ್ನು ಬಿಡಿಸಿ ಮತ್ತೆ ಕೂರಿಸಲು ಅಡ್ಡಿಯಿಲ್ಲ. 1959ರಲ್ಲಿ ಬಂದ ಫೆವಿಕಾಲ್, ಸರೇಸನ್ನು ಕಾಯಿಸುವ ರಗಳೆ ತಪ್ಪಿಸಿತು. ಆದರೆ ಅದು ಕಚ್ಚಿಕೊಂಡ ಜಾಗವನ್ನು ಬಿಚ್ಚಹೊರಟರೆ ಮರವೇ ಸೀಳುವುದುಂಟು.

ಬೆತ್ತ ಹರಿದರೆ ಹೊಸದಾಗಿ ಹೆಣೆಸಬೇಕು, ಗೆದ್ದಲು ತಿಂದ ಕಾಲನ್ನು ಬದಲಿಸಬೇಕು. ಇದರಲ್ಲಿ ಮಡಿವಂತಿಕೆ ಬೇಡ.

ಮೈಸೂರಿನ ಬೀಟೆ ಕುಸುರಿಯ ಮೇಜುಗಳದ್ದು ಇನ್ನೂ ಸೂಕ್ಷ್ಮ. ಹಳೆಯವುಗಳಲ್ಲಿ ದಂತದ ಚೂರು ಕೂರಿಸಿರುತ್ತಾರೆ. ಬಿದ್ದುಹೋದ ಚೂರಿನ ಜಾಗಕ್ಕೆ ಹೊಸ ದಂತ ತರುವಂತಿಲ್ಲ. ಅದರ ವ್ಯಾಪಾರ ನಿಷಿದ್ಧ. ವನ್ಯಜೀವಿ ಕಾಯ್ದೆಯ ಪ್ರಕಾರ ದಂತದ ವಸ್ತು ವಾರಸಾಗಿ ಬಂದರೂ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪಾಲಕರಿಗೆ ತಿಳಿಸಬೇಕು. ಇಂಥ ಮೇಜನ್ನು ಯಂತ್ರ ಹಿಡಿದು ಉಜ್ಜುವುದು ಶುದ್ಧ ಅವಿವೇಕ. ಖಾಲಿ ಬಿದ್ದ ಗುಳಿಯನ್ನು ಹಾಗೇ ಬಿಟ್ಟರೆ ನಷ್ಟವೇನೂ ಇಲ್ಲ.

ಅತಿಯಾಗದ ದುರಸ್ತಿಯ ವಿಷಯದಲ್ಲಿ ತೊಟ್ಟಿಲನ್ನು ಮೆಚ್ಚಬೇಕು. ಎಷ್ಟೋ ಕುಟುಂಬಗಳಲ್ಲಿ ಅದು ಯಾರೊಬ್ಬರ ಪಾಲಿಗೂ ಸೇರುವುದಿಲ್ಲ. ಬಾಣಂತನ ನಡೆಯುವ ಮನೆಗೆ ಹೋಗುತ್ತದೆ. ಮಗು ಮಲಗುವ ಜಾಗವಾದ್ದರಿಂದ ಸರಪಳಿ, ಕೊಂಡಿ, ಅಡಿಹಲಗೆಯನ್ನು ಪ್ರತಿ ಸಲವೂ ಯಾರಾದರೂ ಮುಟ್ಟಿ ನೋಡುತ್ತಾರೆ, ಬೇಕಾದಷ್ಟೇ ಸರಿಮಾಡಿಸುತ್ತಾರೆ. ಹಜಾರದಲ್ಲಿ ಪ್ರದರ್ಶನಕ್ಕಿಟ್ಟ ಕುರ್ಚಿಗೆ ಈ ಭಾಗ್ಯವಿಲ್ಲ.

ಅಜ್ಜನ ಕುರ್ಚಿಯನ್ನು ಪಾಲಿಶಿಗೆ ಕೊಡುವ ಮುನ್ನ ಅಡಿಭಾಗದಲ್ಲಿ ಒಂದಂಗುಲ ಜಾಗಕ್ಕೆ ಸ್ಪಿರಿಟ್ ಒರೆಸಿ ನೋಡಿ. ಅಂಟಂಟಾದರೆ ಅದು ಅರಗು. ಹಾಗಿದ್ದಲ್ಲಿ ಕೆರೆಯಲು ಬಿಡಬೇಡಿ; ಅರಗಿನ ಕೆಲಸ ಬಲ್ಲ ಬಡಗಿ ಸಿಗುವತನಕ ಧೂಳು ಒರೆಸಿ, ಅದರಲ್ಲೇ ಕುಳಿತಿರಿ.