ನಾಣ್ಯಚಿತ್ರಗಳ ಪಾಠಶುದ್ಧಿ

ಓಲೆಯ ಪ್ರತಿಗಳಿಂದ ಗ್ರಂಥವನ್ನು ಸಂಪಾದಿಸುವವರು ಲಿಪಿಕಾರನ ಕೈದೋಷವನ್ನು ಎಷ್ಟು ಎಚ್ಚರದಿಂದ ಶೋಧಿಸುವರೋ ಅಷ್ಟು ಎಚ್ಚರವು ನಾಣ್ಯಗಳ ಚಿತ್ರವನ್ನು ಅಚ್ಚುಮಾಡಿಸುವವರಲ್ಲಿ ಕಾಣಬರುವುದಿಲ್ಲ. ಛಾಯಾಚಿತ್ರವು ಯಂತ್ರದಿಂದಾದುದು, ಆದುದರಿಂದ ನಿರ್ದುಷ್ಟವಾದುದು ಎಂಬ ನಂಬಿಕೆಯೇ ಇದಕ್ಕೆ ಮೂಲ. ಈ ನಂಬಿಕೆ ವಿಮರ್ಶೆಯ ಮುಂದೆ ನಿಲ್ಲತಕ್ಕುದಲ್ಲ. ಮಸೂರವನ್ನೂ ಬೆಳಕಿನ ದಿಕ್ಕನ್ನೂ ಆರಿಸಿದವನು ಓದುಗನಿಗೆ ತಿಳಿಯದಂತೆ ಪಾಠವನ್ನೂ ಅರ್ಧದಷ್ಟು ಆರಿಸಿಬಿಟ್ಟಿರುತ್ತಾನೆ.

1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪನು ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ನಾಣ್ಯಚಿತ್ರಗಳು ಕೈಯಿಂದ ಬರೆದು ಕೊರೆದವು. ಸವೆದ ಅಕ್ಷರವನ್ನು ಚಿತ್ರಕಾರನು ತನಗೆ ತೋರಿದಂತೆ ತುಂಬುವ ಅಪಾಯವು ಅಂಥ ಚಿತ್ರಗಳಲ್ಲಿ ಇದ್ದೇ ಇತ್ತು. ಆದರೆ ಆ ಅಪಾಯವನ್ನು ಓದುಗನೂ ಬಲ್ಲನು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಮ್ಯೂಜಿಯಮ್ಮಿನಂಥ ಸಂಗ್ರಹಾಲಯಗಳು ನಾಣ್ಯವನ್ನು ಬಿಟ್ಟು, ಪ್ಲಾಸ್ಟರಿನಲ್ಲಿ ತೆಗೆದ ಅದರ ಅಚ್ಚನ್ನು ಛಾಯಾಚಿತ್ರಕ್ಕೆ ಒಡ್ಡಿದುವು. ಲೋಹದ ಬಣ್ಣ ಹೋಯಿತು, ಅಕ್ಷರ ಉಳಿಯಿತು. ಈಗಿನ ಬಣ್ಣದ ಚಿತ್ರಗಳಲ್ಲಿ ಹಲವು ಇದಕ್ಕೆ ವಿಪರೀತವಾಗಿವೆ: ಹೊನ್ನು ಝಗಝಗಿಸುತ್ತದೆ, ಲೇಖ ಕಾಣುವುದಿಲ್ಲ.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯವನ್ನು ನೋಡಬಹುದು. ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುದರ ಗುರುತಾಗಿ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದನ್ನು ಕನ್ನಡ ಲಿಪಿಯಲ್ಲಿ ಹೊತ್ತ ಈ ನಾಣ್ಯವು ಹೆಬ್ಬೆರಳಿನ ಉಗುರಿಗಿಂತ ಹಿರಿದಲ್ಲ. ಇಷ್ಟು ಕಿರಿದಾದ ಎಡೆಯಲ್ಲಿ ಸಾಲುಸಾಲಾಗಿ ಇಡಿಕಿರಿದ ಅಕ್ಷರಗಳಿಗೆ ಒಂದೇ ಕಡೆಯಿಂದ ಬೆಳಕು ಬಿದ್ದರೆ, ಬೆಳಕಿನ ದಿಕ್ಕಿಗೆ ಸಮಾನಾಂತರವಾದ ಗೆರೆ ಮಾಯವಾಗುತ್ತದೆ, ಅಡ್ಡನಾದ ಗೆರೆ ನೆರಳಿನಿಂದ ಇಮ್ಮಡಿಯಾಗುತ್ತದೆ. ಇದಕ್ಕಿಂತಲೂ ಕೆಟ್ಟದು ಇನ್ನೊಂದುಂಟು. ಮೇಲಿನ ಬೆಳಕಿಗೆ ಒಗ್ಗಿದ ಕಣ್ಣು, ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ತಗ್ಗನ್ನು ಉಬ್ಬೆಂದು ಗ್ರಹಿಸುವುದು. ಪೆಟ್ಟುಬಿದ್ದ ಕುಳಿಯೊಂದು ಅನುಸ್ವಾರದ ಬಿಂದುವಾಗಿ ಎದ್ದು ನಿಲ್ಲುವುದು. ಶುಕ್ತಿಯಲ್ಲಿ ರಜತವನ್ನು ಕಾಣುವ ಭ್ರಮೆಯನ್ನು ಕುರಿತು ಶಾಸ್ತ್ರಕಾರರು ಗ್ರಂಥಗಟ್ಟಲೆ ವಾದಿಸಿರುವರು. ನಿಜವಾದ ಹೊನ್ನಿನಲ್ಲಿಯೇ ಇಲ್ಲದ ಬಿಂದುವನ್ನು ಕಾಣುವ ಭ್ರಮೆಯೂ ಆ ವಾದಕ್ಕೆ ಯೋಗ್ಯವಾದುದೇ.

ಹೀಗಿರಲು ಉಪಕರಣಗಳ ಆಯ್ಕೆಯಲ್ಲಿ ಬೆಳಕಿಗೆ ಎಡೆಯಿರುವುದೇ ಮೊದಲ ವಿಚಾರವಾಗಬೇಕು. ಹಣವನ್ನೆಲ್ಲ ಕ್ಯಾಮರಾದ ಒಡಲಿಗೆ ಸುರಿದು ಮಸೂರದಲ್ಲಿ ಜಿಪುಣತನ ತೋರುವ ರೂಢಿ ಸರಿಯಲ್ಲ. ನಾಣ್ಯದಷ್ಟೇ ಹಿರಿದಾದ ಬಿಂಬ ಬೇಕಾದಾಗ, ತತ್ತ್ವತಃ 50 ಮಿಲಿಮೀಟರು ಸಂಗಮದೂರದ ಮಸೂರವು ನಾಣ್ಯದಿಂದ 100 ಮಿಲಿಮೀಟರು ದೂರದಲ್ಲಿಯೂ, 100 ಮಿಲಿಮೀಟರಿನದು 200 ಮಿಲಿಮೀಟರು ದೂರದಲ್ಲಿಯೂ ನಿಲ್ಲಬೇಕು. ಮೊದಲನೆಯದರಲ್ಲಿ ಮಸೂರದ ಕೊಳವೆಯೇ ಬೆಳಕಿಗೆ ಅಡ್ಡಿ. ದೀಪವನ್ನು ಎತ್ತರಿಸಲು ತೆರಪಿಲ್ಲ. ಆದುದರಿಂದ 100 ಮಿಲಿಮೀಟರಿನ ಆಸುಪಾಸಿನ ಮ್ಯಾಕ್ರೋ ಮಸೂರವೇ ಮೇಲು. ವಿಜಯನಗರದ ಹಣದಂಥ, ಅರ್ಧ ಗ್ರಾಮೂ ತೂಗದ ನಾಣ್ಯಕ್ಕೆ ಸಮಪ್ರಮಾಣದ ಬಿಂಬ ಸಾಲದು; 36×24 ಮಿಲಿಮೀಟರಿನ ಸೆನ್ಸರಿನಲ್ಲಿ ಅದು ಬಯಲಿನ ನಡುವಣ ಕಾಳಿನಂತೆ ಕುಳಿತಿರುತ್ತದೆ. ಅದಕ್ಕೆ ಎರಡು ಮೂರು ಪಟ್ಟು ಹಿಗ್ಗಿಸಬೇಕು. ಕತ್ತಲಕೋಣೆಯಲ್ಲಿ ಚಿತ್ರ ಹಿಗ್ಗಿಸುತ್ತಿದ್ದ ಯಂತ್ರಗಳ ಹಳೆಯ ಮಸೂರವನ್ನು ತಿದಿಗೆ ಜೋಡಿಸಿದರೆ ಅಲ್ಪವ್ಯಯದಲ್ಲಿಯೇ ಕಾರ್ಯವಾಗುತ್ತದೆ. ಅವು ಸಮತಲವನ್ನು ಅಂಚಿನವರೆಗೂ ಸ್ಪಷ್ಟವಾಗಿ ಕೊಡುವುದಕ್ಕಾಗಿಯೇ ರಚಿತವಾದುವು.

ಉಬ್ಬೆಲ್ಲವೂ ಸ್ಫುಟವಾಗಲೆಂದು ರಂಧ್ರವನ್ನು ಅತಿಯಾಗಿ ಕಿರಿದುಮಾಡುವುದು ಇನ್ನೊಂದು ಸಾಮಾನ್ಯ ದೋಷ. ಸಮಪ್ರಮಾಣದಲ್ಲಿ ಎಫ್ 8 ಎಂಬುದು ಫಲತಃ ಎಫ್ 16, ಎಫ್ 22 ಎಂಬುದು ಎಫ್ 44 ಆಗುತ್ತದೆ. ಬೆಳಕಿನ ವಿವರ್ತನೆಯಿಂದ ಅಕ್ಷರದ ಅಂಚೇ ಮಾಸುತ್ತದೆ. ಎಫ್ 8ರಲ್ಲಿ ಸ್ಫುಟವಾಗುವ ಆಳವು ಸುಮಾರು ಒಂದು ಮಿಲಿಮೀಟರು. ನಾಣ್ಯದ ಉಬ್ಬಿಗೆ ಅದು ಸಾಕು. ಕ್ಯಾಮರಾ ನಾಣ್ಯಕ್ಕೆ ನೇರವಾಗಿ, ಅಲುಗದಂತೆ ನಿಲ್ಲಲು ಗಟ್ಟಿಯಾದ ನಿಲುವು ಬೇಕೆಂಬುದನ್ನು ಹೇಳಬೇಕಾದುದೇ ಇಲ್ಲ.

ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಹತ್ತಾರು ಚಿತ್ರಗಳನ್ನು ಗಣಕಯಂತ್ರದಿಂದ ಕೂಡಿಸಿ, ಓದುಗನೇ ದೀಪವನ್ನು ಸುತ್ತಿಸಿ ನೋಡುವಂತೆ ಮಾಡುವ ವಿಧಾನವು 2001ರಿಂದ ಬಳಕೆಗೆ ಬಂದಿದೆ. ಕಾಗದದ ಮೇಲೆ ಅದು ಸಾಧ್ಯವಲ್ಲ. ಆದರೆ ಮೇಲಿನಿಂದ ಬೆಳಕು ಬಿದ್ದುದೊಂದು, ಎಡದಿಂದ ಬಿದ್ದುದೊಂದು, ಹೀಗೆ ಎರಡು ಚಿತ್ರಗಳನ್ನು ಅಳತೆಪಟ್ಟಿಯೊಡನೆ ಲೇಖಕರಿಂದ ಕೇಳಿ ಪಡೆಯುವುದು ಪತ್ರಿಕಾಸಂಪಾದಕರ ಕೈಯಲ್ಲಿಯೇ ಇದೆ. ಎಡೆ ಸಾಲದೆಂದರೆ ಮುಮ್ಮುಖದ ಸಿಂಹವನ್ನು ಕಿರಿದುಮಾಡಿ, ಲೇಖವಿರುವ ಹಿಮ್ಮುಖಕ್ಕೆ ಪುಟವನ್ನು ಬಿಟ್ಟುಕೊಡಬಹುದು.